ತಾಳೆ ನೋಡಿದ ಮೇಲೆ: ಗ್ರೆನಡಾದ ಷರ್ಲಾಕ್ ಹೋಮ್ಸ್ ಸರಣಿ

ನ್ಯಾಯಾಲಯದ ನಕಲು ವಿಭಾಗದಲ್ಲಿ ವರ್ಷಗಟ್ಟಲೆ ಕೂತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎರಡು ಕಾಗದಗಳು ಒಟ್ಟಿಗೆ ಕಣ್ಣಿಗೆ ಬಿದ್ದರೆ ಸಾಕು, ಅವು ಒಂದಕ್ಕೊಂದು ತಾಳೆಯಾಗುತ್ತವೆಯೋ ಇಲ್ಲವೋ ಎಂದು ಬೆರಳು ತಾನಾಗಿಯೇ ಸಾಲಿನ ಕೆಳಗೆ ಓಡತೊಡಗುತ್ತದೆ. ಒಬ್ಬರು ಅಸಲನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನಕಲಿನ ಮೇಲೆ ಕಣ್ಣಿಟ್ಟು ಹೂಂಗುಡುವುದು, ಒಂದು ಅಂಕಿ ತಪ್ಪಿದರೂ ಅಲ್ಲಿಯೇ ತಡೆಯುವುದು. ಕಲಬುರಗಿಯಲ್ಲಿ ನನ್ನ ನೌಕರಿಯ ಬಹುಭಾಗ ಕಳೆದದ್ದು ಹೀಗೆ. ಆದ್ದರಿಂದ ಪುಣೆಯಲ್ಲಿರುವ ಮಗ ಕಳೆದ ಬೇಸಿಗೆಯ ಆರಂಭದಲ್ಲಿ ಗ್ರೆನಡಾ ಟೆಲಿವಿಷನ್ ಸಂಸ್ಥೆ ತಯಾರಿಸಿದ ಷರ್ಲಾಕ್ ಹೋಮ್ಸ್ ಸರಣಿಯ ಡಿವಿಡಿ ಪೆಟ್ಟಿಗೆಯನ್ನು ತಂದುಕೊಟ್ಟಾಗ, ಅದನ್ನು ಸುಮ್ಮನೆ ನೋಡಿ ಮುಗಿಸುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ. ಬೆಳಿಗ್ಗೆ ಆರ್ಥರ್ ಕೊನನ್ ಡಾಯ್ಲ್ ಬರೆದ ಒಂದು ಕಥೆಯನ್ನು ಓದುವುದು, ಮಧ್ಯಾಹ್ನ ಊಟವಾದ ಮೇಲೆ, ಅಂಗಳಕ್ಕೂ ಕಾಲಿಡಲಾಗದ ಬಿಸಿಲಿನ ಹೊತ್ತಿನಲ್ಲಿ, ಅದೇ ಕಥೆಯ ಕಂತನ್ನು ಹಾಕಿಕೊಂಡು ಕೂರುವುದು, ಮೃಗಶಿರಾ ಮಳೆ ಬೀಳುವವರೆಗೂ ಇದೇ ನನ್ನ ದಿನಚರಿಯಾಯಿತು.

ಮೊದಲಿಗೆ ವಸ್ತುವಿನ ವಿವರ. ಈ ಸರಣಿಯ ಮೊದಲ ಕಂತು ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ ಪ್ರಸಾರವಾದದ್ದು 1984ರ ಏಪ್ರಿಲ್‌ನಲ್ಲಿ, ಕೊನೆಯದು 1994ರ ಏಪ್ರಿಲ್‌ನಲ್ಲಿ. ಒಟ್ಟು 41 ಕಂತುಗಳು. ಅವುಗಳಲ್ಲಿ 36 ಸುಮಾರು ಐವತ್ತು ನಿಮಿಷಗಳವು, ಉಳಿದ ಐದು ಪೂರ್ಣ ಚಲನಚಿತ್ರದ ಅಳತೆಯವು. ಹೋಮ್ಸ್ ಆಗಿ ಜೆರೆಮಿ ಬ್ರೆಟ್ ಎಲ್ಲದರಲ್ಲೂ ಇದ್ದಾರೆ. ಡಾಕ್ಟರ್ ವಾಟ್ಸನ್ ಪಾತ್ರವನ್ನು ಮೊದಲ 13 ಕಂತುಗಳಲ್ಲಿ ಡೇವಿಡ್ ಬರ್ಕ್, ಆಮೇಲೆ ಎಡ್ವರ್ಡ್ ಹಾರ್ಡ್‌ವಿಕ್ ವಹಿಸಿದ್ದಾರೆ. ಡಾಯ್ಲ್ ಬರೆದದ್ದು ನಾಲ್ಕು ಕಾದಂಬರಿಗಳು ಮತ್ತು 56 ಸಣ್ಣಕಥೆಗಳು, ಅಂದರೆ ಸರಣಿ ಎಲ್ಲವನ್ನೂ ಮುಟ್ಟಿಲ್ಲ. ಹೋಮ್ಸ್ ಮತ್ತು ವಾಟ್ಸನ್ ಮೊದಲ ಬಾರಿ ಭೇಟಿಯಾಗುವ ಮೊದಲ ಕಾದಂಬರಿಯೇ ಇದರಲ್ಲಿಲ್ಲ, ಇಬ್ಬರೂ ಆಗಲೇ ಹಳೆಯ ಗೆಳೆಯರಾಗಿರುವಲ್ಲಿಂದ ಕಥೆ ಶುರುವಾಗುತ್ತದೆ. ನಿರ್ಮಾಪಕ ಮೈಕೆಲ್ ಕಾಕ್ಸ್ ಮತ್ತು ಅವರ ತಂಡ ಚಿತ್ರೀಕರಣಕ್ಕೆ ಮೊದಲು ಡಾಯ್ಲ್ ಕಥೆಗಳನ್ನೆಲ್ಲ ಜಾಲಾಡಿ, ಹೋಮ್ಸ್ ಏನು ತೊಡುತ್ತಾನೆ, ತಂಬಾಕನ್ನು ಎಲ್ಲಿಡುತ್ತಾನೆ, ಹೇಗೆ ಕೂರುತ್ತಾನೆ ಎಂಬುದನ್ನೆಲ್ಲ ಬರೆದಿಟ್ಟ 77 ಪುಟಗಳ ಒಂದು ಕಡತವನ್ನು ತಯಾರಿಸಿಕೊಂಡಿತ್ತು. ನನ್ನಂಥವನಿಗೆ ಈ ಒಂದು ಸಂಗತಿಯೇ ಅರ್ಧ ನಂಬಿಕೆ ಹುಟ್ಟಿಸಿತು.

ಆದರೆ ಅಕ್ಷರಕ್ಕೆ ಅಕ್ಷರ ಕೂಡಿಸುವುದೊಂದೇ ಇಲ್ಲಿ ಪರೀಕ್ಷೆಯಾಗಲಾರದು. ಪತ್ತೇದಾರಿ ಕಥೆಯನ್ನು ಪರದೆಗೆ ತರುವವರ ನಿಜವಾದ ಕಷ್ಟ ಬೇರೆಯಿದೆ, ಅದನ್ನು ನಾನು ನಮ್ಮ ಕಚೇರಿಯ ಭಾಷೆಯಲ್ಲಿಯೇ ಹೇಳಬೇಕು. ಪೊಲೀಸರು ಘಟನೆಯ ಜಾಗಕ್ಕೆ ಹೋಗಿ ಪಂಚರ ಸಮಕ್ಷಮ ಬರೆಯುವ ಸ್ಥಳ ಪಂಚನಾಮೆ ಎಂಬ ಕಾಗದವನ್ನು ನಾನು ನೂರಾರು ಬಾರಿ ನಕಲು ಮಾಡಿದ್ದೇನೆ. ಒಳ್ಳೆಯ ಪಂಚನಾಮೆಯಲ್ಲಿ ಬಾಗಿಲು ಯಾವ ದಿಕ್ಕಿಗಿತ್ತು, ಕಂದೀಲು ಎಲ್ಲಿ ಬಿದ್ದಿತ್ತು, ಎಡಗಾಲಿನ ಚಪ್ಪಲಿ ಎಷ್ಟು ಅಡಿ ದೂರದಲ್ಲಿತ್ತು ಎಂಬುದೆಲ್ಲ ಇರುತ್ತದೆ, ಚಪ್ಪಲಿ ಅಲ್ಲಿಗೇಕೆ ಬಂತು ಎಂಬುದು ಇರುವುದಿಲ್ಲ. ಕೆಟ್ಟ ಪಂಚನಾಮೆ ಬರೆಯುವವನು ಮೊದಲ ಸಾಲಿನಲ್ಲಿಯೇ ಆರೋಪಿಯನ್ನು ಹಿಡಿದುಕೊಟ್ಟಿರುತ್ತಾನೆ. ಪತ್ತೇದಾರಿ ಕಥೆಯ ಮರ್ಯಾದೆ ಇರುವುದೂ ಇದರಲ್ಲಿಯೇ. ಗುರುತುಗಳೆಲ್ಲ ಓದುಗನ ಮುಂದೆ ಬಿದ್ದಿರಬೇಕು, ಆದರೆ ಯಾವುದು ಮುಖ್ಯ ಎಂದು ಯಾರೂ ಬೆರಳು ತೋರಿಸಬಾರದು. ಪುಟದ ಮೇಲೆ ಇದು ಸುಲಭ, ಹತ್ತು ವಸ್ತುಗಳ ನಡುವೆ ಹನ್ನೊಂದನೆಯದನ್ನು ಒಂದೇ ಸಾಲಿನಲ್ಲಿ ತೂರಿಸಿಬಿಡಬಹುದು. ಕ್ಯಾಮೆರಾ ಮಾತ್ರ ಯಾವುದನ್ನು ಒಂದು ಕ್ಷಣ ಹೆಚ್ಚು ನೋಡಿತೋ ಅದನ್ನೇ ಸಾಕ್ಷಿಯೆಂದು ಸಾರಿದಂತಾಗುತ್ತದೆ. ಗ್ರೆನಡಾ ಸರಣಿಯ ಮೊದಲ ಎರಡು ಮೂರು ವರ್ಷಗಳ ಕಂತುಗಳು ಈ ಇಕ್ಕಟ್ಟನ್ನು ದಾಟಿದ ರೀತಿಯಿಂದಲೇ ನನಗೆ ಇದು ನಾನು ಕಂಡ ಪತ್ತೇದಾರಿ ಸರಣಿಗಳಲ್ಲಿ ಮೇಲಿನದೆನಿಸಿದೆ. ಅಲ್ಲಿನ ಕೋಣೆಗಳು ಸಾಮಾನುಗಳಿಂದ ಕಿಕ್ಕಿರಿದಿವೆ, ಕ್ಯಾಮೆರಾ ಆ ಸಾಮಾನುಗಳ ಮೇಲೆ ಒಂದೇ ಹದದಲ್ಲಿ ಸಾಗುತ್ತದೆ, ಹೋಮ್ಸ್ ಬಗ್ಗಿದಾಗ ನಾವೂ ಬಗ್ಗುತ್ತೇವೆ, ಅವನು ನಕ್ಕಾಗ ಮಾತ್ರ ನಮಗೆ ಏನೋ ತಪ್ಪಿಹೋಯಿತೆಂದು ತಿಳಿಯುತ್ತದೆ.

ಕೆಂಪುಗೂದಲಿನವರ ಸಂಘದ ಕಥೆಯನ್ನು ಆಧರಿಸಿದ 1985ರ ಕಂತನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಇದನ್ನು ಆರಿಸಿಕೊಂಡದ್ದಕ್ಕೆ ಸ್ವಂತದ ಕಾರಣವೂ ಇದೆ. ಗಿರವಿ ಅಂಗಡಿಯ ಜಾಬೆಜ್ ವಿಲ್ಸನ್ ಎಂಬ ಕೆಂಪುಗೂದಲಿನ ಮನುಷ್ಯನಿಗೆ ಒಂದು ವಿಚಿತ್ರ ನೌಕರಿ ಸಿಗುತ್ತದೆ. ದಿನಾ ಹತ್ತರಿಂದ ಎರಡರವರೆಗೆ ಒಂದು ಖಾಲಿ ಕೋಣೆಯಲ್ಲಿ ಕೂತು ಬ್ರಿಟಾನಿಕಾ ವಿಶ್ವಕೋಶವನ್ನು ಮೊದಲ ಅಕ್ಷರದಿಂದ ನಕಲು ಮಾಡಬೇಕು, ವಾರಕ್ಕೆ ನಾಲ್ಕು ಪೌಂಡ್ ಸಂಬಳ. ಎಂಟು ವಾರವಾದ ಮೇಲೆ ಒಂದು ದಿನ ಬಾಗಿಲಿಗೆ ಸಂಘ ವಿಸರ್ಜನೆಯಾಗಿದೆ ಎಂಬ ಚೀಟಿ ಬಿದ್ದಿರುತ್ತದೆ. ಆ ಮನುಷ್ಯನನ್ನು ನೋಡಿದೊಡನೆ ಹೋಮ್ಸ್ ಇತ್ತೀಚೆಗೆ ನೀವು ಬಹಳ ಬರೆದಿದ್ದೀರಿ ಎನ್ನುತ್ತಾನೆ, ಏಕೆಂದರೆ ಬಲಗೈ ತೋಳಿನ ತುದಿ ಐದು ಅಂಗುಲದಷ್ಟು ಹೊಳೆಯುತ್ತಿದೆ, ಎಡ ಮೊಣಕೈ ಮೇಜಿಗೆ ಊರುವಲ್ಲಿ ಬಟ್ಟೆ ನುಣುಪಾಗಿದೆ. ಈ ಸಾಲನ್ನು ಓದಿದ ಬೆಳಿಗ್ಗೆ ನಾನು ಎದ್ದುಹೋಗಿ ಟ್ರಂಕಿನಲ್ಲಿದ್ದ ನನ್ನ ಹಳೆಯ ಅಂಗಿಗಳನ್ನು ತೆಗೆದು ನೋಡಿದೆ. ಡಾಯ್ಲ್ ಹೇಳಿದ್ದು ನಿಜ. ನನ್ನಾಕೆ ಇದೇನು ಹುಚ್ಚು ಎಂದು ಕೇಳಿದ್ದಕ್ಕೆ ಉತ್ತರ ಕೊಡುವುದು ಕಷ್ಟವಾಯಿತು.

ತಾಳೆ ನೋಡುವವನಿಗೆ ಆ ಕಥೆಯಲ್ಲಿ ಇನ್ನೊಂದು ಬಹುಮಾನವಿದೆ. ವಿಲ್ಸನ್ ತೋರಿಸುವ ಜಾಹೀರಾತಿನ ಪತ್ರಿಕೆಯ ತಾರೀಖು 1890ರ ಏಪ್ರಿಲ್ 27, ಈಗಿನಿಂದ ಎರಡು ತಿಂಗಳ ಹಿಂದಿನದು ಎಂದು ವಾಟ್ಸನ್ ಹೇಳುತ್ತಾನೆ. ಬಾಗಿಲಿನ ಚೀಟಿಯ ತಾರೀಖು ಮಾತ್ರ ಅಕ್ಟೋಬರ್ 9. ಎಂಟು ವಾರ ಹೇಗೆ ಕೂಡಿಸಿದರೂ ಕೂಡುವುದಿಲ್ಲ. ಇಂಥ ಅಸಲು ನಮ್ಮ ಮೇಜಿಗೆ ಬಂದಿದ್ದರೆ, ಮೂಲದಲ್ಲಿದ್ದಂತೆ ಎಂದು ಪಕ್ಕದಲ್ಲಿ ಬರೆದು ಮುಂದೆ ಹೋಗುತ್ತಿದ್ದೆವು. ಡಾಯ್ಲ್ ಇಂಥವುಗಳ ಬಗ್ಗೆ ಚಿಂತಿಸಿದವನಲ್ಲ. ಅಫ್ಗಾನ್ ಯುದ್ಧದಲ್ಲಿ ವಾಟ್ಸನ್‌ಗೆ ತಗುಲಿದ ಗುಂಡು ಒಂದು ಕಾದಂಬರಿಯಲ್ಲಿ ಭುಜದಲ್ಲಿದ್ದರೆ ಇನ್ನೊಂದರಲ್ಲಿ ಕಾಲಿಗೆ ಇಳಿದಿದೆ.

ಇದೇ ಕಂತಿನಲ್ಲಿ ಸರಣಿ ಅಸಲನ್ನು ದೊಡ್ಡ ಮಟ್ಟದಲ್ಲಿ ತಿದ್ದಿದೆ. ಕಥೆಯಲ್ಲಿ, ಈ ನೌಕರಿಯ ನೆಪದಲ್ಲಿ ವಿಲ್ಸನ್‌ನನ್ನು ಅಂಗಡಿಯಿಂದ ದೂರವಿಟ್ಟು ಅಲ್ಲಿಂದ ಬ್ಯಾಂಕಿನ ನೆಲಮಾಳಿಗೆಗೆ ಸುರಂಗ ತೋಡುವ ಜಾನ್ ಕ್ಲೇ ತನ್ನದೇ ಬುದ್ಧಿಯಿಂದ ಕೆಲಸ ಮಾಡುವ ಕಳ್ಳ. ಕಂತಿನಲ್ಲಿ ಅವನ ಹಿಂದೆ ಹೋಮ್ಸ್‌ನ ಪರಮ ವೈರಿ ಪ್ರೊಫೆಸರ್ ಮೊರಿಯಾರ್ಟಿಯನ್ನು ತಂದು ನಿಲ್ಲಿಸಲಾಗಿದೆ. ಮುಂದಿನ ಕಂತಿನಲ್ಲಿ ಸ್ವಿಟ್ಜರ್ಲೆಂಡಿನ ರೈಖೆನ್‌ಬಾಖ್ ಜಲಪಾತದ ಬಳಿ ಅವನಿಗೂ ಹೋಮ್ಸ್‌ಗೂ ಕೈಕೈ ಹತ್ತುವುದಕ್ಕೆ ಇದು ಪೀಠಿಕೆ. ನಕಲುಗಾರನಾಗಿ ನಾನು ಇದಕ್ಕೆ ಆಕ್ಷೇಪಣೆ ಎತ್ತಬೇಕಿತ್ತು, ಎತ್ತುವುದಿಲ್ಲ. ಡಾಯ್ಲ್ ತನ್ನ ನಾಯಕನಿಂದ ಬೇಸತ್ತು ಅವನನ್ನು ಮುಗಿಸಲೆಂದೇ ಮೊರಿಯಾರ್ಟಿಯನ್ನು ಒಂದೇ ಕಥೆಯಲ್ಲಿ ಹುಟ್ಟಿಸಿ ಅದೇ ಕಥೆಯಲ್ಲಿ ಕೊಂದನು. ಓದುವಾಗ ಆ ಮನುಷ್ಯ ಹೊಲದ ಬೆದರುಬೊಂಬೆಯಂತೆ ಏಕಾಏಕಿ ಎದ್ದು ನಿಂತಂತಿದೆ. ಎರಿಕ್ ಪೋರ್ಟರ್ ಎಂಬ ನಟರ ತಣ್ಣನೆಯ ಮುಖವನ್ನು ಒಂದು ಕಂತು ಮೊದಲೇ ತೋರಿಸಿದ್ದರಿಂದ, ಜಲಪಾತಕ್ಕೆ ಬರುವ ಹೊತ್ತಿಗೆ ಅವನ ಮೇಲೆ ನಮಗೂ ಒಂದು ದ್ವೇಷ ಬೆಳೆದಿರುತ್ತದೆ. ಆ ದೃಶ್ಯವನ್ನು ನಿಜವಾದ ರೈಖೆನ್‌ಬಾಖ್‌ನಲ್ಲಿಯೇ ಚಿತ್ರೀಕರಿಸಲಾಗಿದೆ. ಕಂತಿನ ಆರಂಭದಲ್ಲಿ ಮೊನಾಲಿಸಾ ಚಿತ್ರದ ಕಳವಿನ ಒಂದು ಪ್ರಸಂಗವನ್ನು ಹೊಸದಾಗಿ ಸೇರಿಸಿದ್ದಾರೆ. ಅದೂ ನಕಲುಗಳನ್ನು ಅಸಲೆಂದು ಮಾರುವ ವ್ಯವಹಾರವೇ ಆದ್ದರಿಂದ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ನೋಡಿದೆ.

ಬ್ರೆಟ್ ಅವರ ಅಭಿನಯದ ಬಗ್ಗೆ ಹೇಳುವುದು ಬಹಳವಿದೆ. ನಮ್ಮ ತಲೆಯಲ್ಲಿರುವ ಹೋಮ್ಸ್ ಎಂದರೆ ಎರಡು ಕಡೆ ಅಂಚಿನ ಟೋಪಿ, ಬಾಗಿದ ಚುಂಗಾಣಿ ಮತ್ತು ಸಮಾಧಾನದ ಮುಖ. ಈ ಹೋಮ್ಸ್ ಲಂಡನ್ನಿನಲ್ಲಿ ಎತ್ತರದ ಕಪ್ಪು ಟೋಪಿ ತೊಡುತ್ತಾನೆ, ಹಳ್ಳಿಗೆ ಹೋದಾಗಷ್ಟೇ ಆ ಇನ್ನೊಂದು ಟೋಪಿ ಹೊರಬರುತ್ತದೆ. ಸಮಾಧಾನವಂತೂ ಅವನಲ್ಲಿ ಇಲ್ಲವೇ ಇಲ್ಲ. ಕೈಬೆರಳುಗಳು ಗಾಳಿಯಲ್ಲಿ ಏನನ್ನೋ ಕತ್ತರಿಸುತ್ತವೆ, ನಗು ಮಿಂಚಿನಂತೆ ಬಂದು ಮಾಯವಾಗುತ್ತದೆ, ಒಮ್ಮೆ ಸೋಫಾವನ್ನೇ ಹಾರಿ ದಾಟುತ್ತಾನೆ. ಕೇಸು ಇಲ್ಲದ ದಿನ ಅವನು ಕಾಯಿಲೆಯವನಂತೆ ಒರಗಿರುತ್ತಾನೆ, ಕೊಕೇನಿನ ಸಿರಿಂಜು ಇರುವ ಪೆಟ್ಟಿಗೆಯನ್ನು ವಾಟ್ಸನ್ ಕಣ್ಣಂಚಿನಲ್ಲಿ ನೋಡುತ್ತಾನೆ. ಇದನ್ನೆಲ್ಲ ಬ್ರೆಟ್ ಕಲ್ಪಿಸಿದ್ದೆಂದು ನಾನು ಮೊದಲು ಅಂದುಕೊಂಡಿದ್ದೆ. ಕಥೆಗಳಿಗೆ ಹಿಂದಿರುಗಿ ಹುಡುಕಿದಾಗ ಬಹುತೇಕ ಎಲ್ಲವೂ ಡಾಯ್ಲ್ ಬರೆದದ್ದೇ ಆಗಿತ್ತು. ನಾವು ಅದನ್ನು ಓದಿ ಮರೆತಿದ್ದೆವು, ಬ್ರೆಟ್ ಓದಿ ನೆನಪಿಟ್ಟುಕೊಂಡಿದ್ದರು. 1988ರಲ್ಲಿ ಬಂದ, ಕಾರ್ನ್‌ವಾಲ್ ಕರಾವಳಿಯಲ್ಲಿ ನಡೆಯುವ ಒಂದು ಕಂತಿನಲ್ಲಿ ಹೋಮ್ಸ್ ಆ ಸಿರಿಂಜನ್ನು ಮರಳಿನಲ್ಲಿ ಹೂತುಬಿಡುವುದು ಮಾತ್ರ ಮೂಲದಲ್ಲಿಲ್ಲ. ಆ ಬದಲಾವಣೆಗೆ ಡಾಯ್ಲ್‌ನ ಮಗಳ ಒಪ್ಪಿಗೆಯನ್ನೂ ಪಡೆದಿದ್ದರು.

ವಾಟ್ಸನ್‌ನ ವಿಷಯದಲ್ಲಿ ಸರಣಿ ಮಾಡಿರುವ ನ್ಯಾಯ ಇನ್ನೂ ದೊಡ್ಡದು. ಅದಕ್ಕೆ ಮೊದಲಿನ ಹಾಲಿವುಡ್ ಚಿತ್ರಗಳಲ್ಲಿ ವಾಟ್ಸನ್ ಎಂದರೆ ಎಡವುವ, ತೊದಲುವ ಮುದುಕ. ಇಲ್ಲಿ ಅವನು ಯುದ್ಧ ಕಂಡ ಸೇನೆಯ ವೈದ್ಯ, ಮರ್ಯಾದಸ್ಥ, ಗೆಳೆಯನ ಹುಚ್ಚಾಟಗಳನ್ನು ಸಹಿಸುವಷ್ಟು ಗಟ್ಟಿ. ಬರ್ಕ್ ಅವರ ವಾಟ್ಸನ್ ಚುರುಕು, ಬೆರಗಿನಿಂದ ನಗುವವನು. ಹಾರ್ಡ್‌ವಿಕ್ ಅವರ ವಾಟ್ಸನ್ ಸ್ವಲ್ಪ ವಯಸ್ಸಾದ, ದುಃಖ ನುಂಗಿದವನು. ನನ್ನ ಓಟು ಹಾರ್ಡ್‌ವಿಕ್ ಅವರಿಗೆ, ಏಕೆಂದರೆ ಅವರಿಗೆ ಕೇಳುವ ಕಲೆ ಗೊತ್ತಿದೆ. ಹೋಮ್ಸ್ ಮಾತಾಡುವಾಗ ಅವರ ಮುಖವನ್ನೇ ನೋಡಿ, ಆ ಮಾತಿನಲ್ಲಿ ಎಷ್ಟು ಸರಿ ಎಷ್ಟು ಜಂಬ ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಕಥೆಗಳಲ್ಲಿ ವಾಟ್ಸನ್ ಮದುವೆಯಾಗಿ ಬೇರೆ ಮನೆ ಮಾಡುತ್ತಾನೆ. ಸರಣಿ ಅವನಿಗೆ ಮದುವೆಯನ್ನೇ ಮಾಡಿಸಿಲ್ಲ, ಇಬ್ಬರನ್ನೂ ಕೊನೆಯವರೆಗೂ ಒಂದೇ ಸೂರಿನಡಿ ಇಟ್ಟುಕೊಂಡಿದೆ. ಇದೂ ತಿದ್ದುಪಡಿಯೇ, ಇದನ್ನೂ ನಾನು ಮನ್ನಿಸುತ್ತೇನೆ.

ಮಚ್ಚೆಯ ಪಟ್ಟಿಯ ಕಥೆ ಎಂದು ಕರೆಯಬಹುದಾದ ಪ್ರಸಿದ್ಧ ಹಾವಿನ ಕಥೆಯ ಕಂತಿಗೆ ನಮ್ಮ ಮನೆಯಲ್ಲಿ ಬೇರೆಯೇ ವಿಚಾರಣೆ ನಡೆಯಿತು. ಕಲ್ಕತ್ತಾದಲ್ಲಿ ವೈದ್ಯನಾಗಿದ್ದ ರಾಯ್‌ಲಟ್ ಎಂಬ ದುಷ್ಟ, ಭಾರತದ ಒಂದು ವಿಷಸರ್ಪಕ್ಕೆ ತಟ್ಟೆಯಲ್ಲಿ ಹಾಲಿಟ್ಟು, ಸಿಳ್ಳೆ ಹಾಕಿ ವಾಪಸು ಕರೆಯುವುದನ್ನು ಕಲಿಸಿ, ಗಂಟೆಯ ಹಗ್ಗದ ಮೇಲಿಂದ ಪಕ್ಕದ ಕೋಣೆಗೆ ಇಳಿಸುತ್ತಾನೆ. ಪಿಯುಸಿಯಲ್ಲಿ ವಿಜ್ಞಾನ ಓದುವ ನನ್ನ ಮಗಳ ಮಗಳು ಅರ್ಧಕ್ಕೆ ತಡೆದು, “ಮುತ್ಯಾ, ಹಾವಿಗಿ ಹೊರಗ ಕಿವಿನೇ ಇಲ್ಲ, ಅದು ಸೀಟಿ ಹ್ಯಾಂಗ ಕೇಳತದ?” ಎಂದಳು. ಹಾಲಿನ ಮಾತು ಬಂದಾಗ ನನ್ನಾಕೆಯ ಮುಖ ಬಿಗಿಯಿತು, ಏಕೆಂದರೆ ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ಮನೆ ನಮ್ಮದು, ಹಾವು ತಾನಾಗಿ ಹಾಲು ಕುಡಿಯುವ ಪ್ರಾಣಿಯಲ್ಲವೆಂದು ಮೊಮ್ಮಗಳು ಪ್ರತಿವರ್ಷ ಅದೇ ದಿನ ಹೇಳುತ್ತಾಳೆ. ಡಾಯ್ಲ್ ಇಂಗ್ಲೆಂಡಿನಲ್ಲಿ ಕೂತು ನಮ್ಮ ದೇಶದ ಹಾವಿನ ಬಗ್ಗೆ ಬರೆದದ್ದು ನಮ್ಮ ಅಜ್ಜಿಯರ ನಂಬಿಕೆಯೊಂದಿಗೆ ಕೂಡಿಬಂದದ್ದು ತಮಾಷೆಯೇ. ಸರಣಿ ಇದನ್ನೆಲ್ಲ ತಿದ್ದುವ ಗೋಜಿಗೆ ಹೋಗದೆ, ಕತ್ತಲೆಯ ಕೋಣೆಯಲ್ಲಿ ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಕಾಯುವುದನ್ನಷ್ಟೇ ನಂಬಿಕೊಂಡಿದೆ. ಮೊಮ್ಮಗಳು ವಿಜ್ಞಾನವನ್ನು ಮರೆತು ಕಾಲು ಮೇಲಕ್ಕೆ ತೆಗೆದುಕೊಂಡು ಕೂತಳು.

ಭಾರತದ ನಂಟು ಇರುವ ಇನ್ನೊಂದು ಕೃತಿ, ಆಗ್ರಾದ ನಿಧಿಯ ಸುತ್ತ ಹೆಣೆದ ಕಾದಂಬರಿ. 1987ರಲ್ಲಿ ಇದನ್ನು ಪೂರ್ಣ ಚಲನಚಿತ್ರದ ಅಳತೆಯಲ್ಲಿ ತೆಗೆದಿದ್ದಾರೆ. ಥೇಮ್ಸ್ ನದಿಯ ಮೇಲಿನ ದೋಣಿಗಳ ಬೆನ್ನಟ್ಟುವಿಕೆ ಚೆನ್ನಾಗಿದೆ. ಆದರೆ ಅಂಡಮಾನಿನ ಮನುಷ್ಯನನ್ನು ಅರ್ಧ ಪ್ರಾಣಿಯಂತೆ ಚಿತ್ರಿಸಿರುವುದನ್ನು ನೋಡಲು ಮುಜುಗರವಾಯಿತು. ಅಸಲಿನಲ್ಲಿ ಹಾಗಿದೆ ಎಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ, ಮೊರಿಯಾರ್ಟಿಯನ್ನು ತಿದ್ದಲು ಧೈರ್ಯವಿದ್ದವರಿಗೆ ಇದನ್ನು ತಿದ್ದಲೂ ಕೈ ಬರಬೇಕಿತ್ತು. ಕಾದಂಬರಿಯಲ್ಲಿ ಡಾಯ್ಲ್ ಮೂವರು ಸಿಖ್ಖರಿಗೆ ಇಟ್ಟ ಹೆಸರುಗಳು ಮಹಮ್ಮದ್ ಸಿಂಗ್, ಅಬ್ದುಲ್ಲಾ ಖಾನ್ ಮತ್ತು ದೋಸ್ತ್ ಅಕ್ಬರ್. ಬೀದರಿನ ನಾನಕ್ ಝೀರಾ ಗುರುದ್ವಾರದ ಮುಂದೆ ಅರ್ಧ ಗಂಟೆ ನಿಂತ ಯಾವ ಹುಡುಗನಿಗಾದರೂ ಇದು ಹೊಂದುವುದಿಲ್ಲವೆಂದು ಗೊತ್ತಾಗುತ್ತದೆ.

ಸರಣಿಯ ಇಳಿಜಾರು ಎಲ್ಲಿಂದ ಎಂದು ಕೇಳಿದರೆ, 1988ರ ಬಾಸ್ಕರ್‌ವಿಲ್ ನಾಯಿಯ ಚಿತ್ರದಿಂದ ಎಂದು ನಾನು ಹೇಳುತ್ತೇನೆ. ಬೆಂಕಿಯುಗುಳುವ ದವಡೆಯ ಆ ನಾಯಿ ಪುಟದ ಮೇಲೆ ಎಷ್ಟು ಭಯಂಕರವೋ ಪರದೆಯ ಮೇಲೆ ಅಷ್ಟೇ ಸಾಧಾರಣ. ಅದೇ ವರ್ಷದ ರೇಸು ಕುದುರೆಯ ಕಂತಿನಲ್ಲಿರುವ, ರಾತ್ರಿ ಬೊಗಳದೆ ಸುಮ್ಮನಿದ್ದ ಮತ್ತೊಂದು ನಾಯಿ ಇದಕ್ಕಿಂತ ನೂರು ಪಾಲು ಮೇಲು. ಬೊಗಳದಿರುವುದನ್ನು ಹೇಗೆ ತೋರಿಸುತ್ತೀರಿ? ತೋರಿಸಲಾಗದು ಎಂಬುದನ್ನು ಒಪ್ಪಿಕೊಂಡು, ಕಥೆಯಲ್ಲಿದ್ದ ಎರಡು ಸಾಲಿನ ಸಂಭಾಷಣೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ, ಅದು ಬಾಣದಂತೆ ನಾಟುತ್ತದೆ. 1993ರ ಎರಡು ಉದ್ದದ ಚಿತ್ರಗಳಂತೂ ನನಗೆ ಶಿಕ್ಷೆಯಾದವು. ಹತ್ತಿಪ್ಪತ್ತು ಪುಟಗಳ ಸಣ್ಣಕಥೆಯನ್ನು ಚಲನಚಿತ್ರದ ಉದ್ದಕ್ಕೆ ಎಳೆಯಲು ದುಃಸ್ವಪ್ನಗಳು, ಮಂಜು, ಪಿಶಾಚಿಯ ಗುಮಾನಿ ಎಂದು ಏನೇನೋ ತುಂಬಿದ್ದಾರೆ. ಹೋಮ್ಸ್‌ಗೆ ಕನಸಿನಲ್ಲಿ ಸುಳಿವು ಸಿಗುವುದಾದರೆ ಅವನು ಬೂದಿಯನ್ನೂ ಮಣ್ಣನ್ನೂ ಏಕೆ ಪರೀಕ್ಷಿಸಬೇಕು? ಐವತ್ತು ನಿಮಿಷ ಎಂಬುದು ಡಾಯ್ಲ್ ಸಣ್ಣಕಥೆಗೆ ಹೊಲಿಸಿದಂತಿರುವ ಅಳತೆ, ಅದನ್ನು ಮೀರಿದಾಗಲೆಲ್ಲ ಸರಣಿ ಸಡಿಲವಾಗಿದೆ.

ಇನ್ನೊಂದು ಇಳಿಜಾರನ್ನು ದೂರಲು ಮನಸ್ಸು ಬರುವುದಿಲ್ಲ. 1985ರಲ್ಲಿ ಬ್ರೆಟ್ ಅವರ ಪತ್ನಿ ತೀರಿಕೊಂಡರು. ಆಮೇಲೆ ಅವರ ಮನೋರೋಗ ಉಲ್ಬಣಿಸಿತು, ಔಷಧಿಯಿಂದ ಮೈ ಊದಿಕೊಂಡಿತು, ಹೃದಯ ಸೋತಿತು. ಇದೆಲ್ಲ ಪರದೆಯ ಮೇಲೆ ವರ್ಷದಿಂದ ವರ್ಷಕ್ಕೆ ಕಾಣುತ್ತದೆ. ಕೊನೆಯ ಸುತ್ತಿನ ಒಂದು ಕಂತಿನಲ್ಲಿ ಅವರು ಎದ್ದು ನಿಲ್ಲಲಾಗದೆ, ಪತ್ತೇದಾರಿಕೆಯ ಕೆಲಸವನ್ನು ಹೋಮ್ಸ್‌ನ ಅಣ್ಣ ಮೈಕ್ರಾಫ್ಟ್‌ಗೆ ವಹಿಸಬೇಕಾಯಿತು. 1995ರ ಸೆಪ್ಟೆಂಬರ್‌ನಲ್ಲಿ ಬ್ರೆಟ್ ತೀರಿಕೊಂಡರು. ಆ ಕಂತುಗಳನ್ನು ಒಂದಾದ ಮೇಲೊಂದು ನೋಡುವುದು ಬೇಡ, ನಡುವೆ ದಿನ ಬಿಟ್ಟು ನೋಡುವುದು ಲೇಸು.

ಹೋಲಿಕೆಗೆ ನಮ್ಮವರನ್ನೂ ತೆಗೆದುಕೊಳ್ಳಬೇಕು. ಟಿವಿಯ ವಿಷಯದಲ್ಲಿ ನಮ್ಮ ಭಾಗ ಹಿಂದುಳಿದದ್ದೆಂದು ಯಾರೂ ಹೇಳುವಂತಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಉಪಗ್ರಹದ ಮೂಲಕ ದೇಶದ 2,400 ಹಳ್ಳಿಗಳಿಗೆ ಟಿವಿ ತಲುಪಿಸಿದ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲ್ಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿನವರು ಮನೆಯಲ್ಲಿ ದೂರದರ್ಶನ ನೋಡುವುದಕ್ಕೆ ಎಷ್ಟೋ ಮೊದಲು ಹನ್ನೆರಡರ ಹುಡುಗನಾಗಿದ್ದ ನಾನು ಹಳ್ಳಿಯ ಶಾಲೆಯ ಅಂಗಳದಲ್ಲಿ ಗೋಣಿಚೀಲದ ಮೇಲೆ ಕೂತು ಗೊಬ್ಬರದ ಪಾಠ ನೋಡಿದ್ದೆ. ಪತ್ತೇದಾರನನ್ನು ನೋಡಲು ಇನ್ನೂ ಹದಿನೆಂಟು ವರ್ಷ ಕಾಯಬೇಕಾಯಿತು. 1993ರಲ್ಲಿ ದೂರದರ್ಶನದಲ್ಲಿ ಬಸು ಚಟರ್ಜಿ ನಿರ್ದೇಶನದ ಬ್ಯೋಮಕೇಶ್ ಬಕ್ಷಿ ಬಂತು. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳು, ಬ್ಯೋಮಕೇಶನಾಗಿ ರಜಿತ್ ಕಪೂರ್, ಗೆಳೆಯ ಅಜಿತನಾಗಿ ಕೆ.ಕೆ. ರೈನಾ. ಹಿಂದಿ ನಮ್ಮೂರಿಗೆ ಪರಕೀಯವಲ್ಲ, ಸಂತೆಯಲ್ಲಿ ದಖನಿ ಮಾತಾಡಿ ಬೆಳೆದವರಿಗೆ ತರ್ಜುಮೆಯ ಅಗತ್ಯವಿರಲಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಒಂದೇ ರಾತ್ರಿಗೆ ಮುಗಿಸುತ್ತಿದ್ದ ನಾವು ಮೊದಲ ಬಾರಿಗೆ ಪಂಚೆಯುಟ್ಟ, ಮನೆಯಲ್ಲಿ ಹೆಂಡತಿಯಿಂದ ಬೈಸಿಕೊಳ್ಳುವ ಪತ್ತೇದಾರನನ್ನು ಕಂಡೆವು. ಅವನು ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳದೆ ಸತ್ಯಾನ್ವೇಷಿ ಎನ್ನುತ್ತಿದ್ದ.

ಈ ಬೇಸಿಗೆಯಲ್ಲಿ ಅದನ್ನೂ ಮತ್ತೆ ನೋಡಿದೆ. ಹಣದ ಕೊರತೆ ಎದ್ದು ಕಾಣುತ್ತದೆ, ಗೋಡೆಗಳು ಅಲುಗಾಡುತ್ತವೆಯೇನೋ ಎಂಬ ಭಯವಾಗುತ್ತದೆ, ಕೊನೆಯ ವಿವರಣೆ ಓಡಿಹೋಗುತ್ತದೆ. ಪಂಚನಾಮೆಯ ಲೆಕ್ಕದಲ್ಲಿ ಗ್ರೆನಡಾದ ಮುಂದೆ ಅದು ನಿಲ್ಲುವುದಿಲ್ಲ, ಗುರುತುಗಳು ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ಆದರೂ ರಜಿತ್ ಕಪೂರ್ ಅವರ ನಿಧಾನದಲ್ಲಿ, ಎದುರಿನವನಿಗೆ ಪೂರಾ ಮಾತಾಡಲು ಬಿಟ್ಟು ಸುಮ್ಮನಿರುವ ಆ ಸೌಜನ್ಯದಲ್ಲಿ, ಬ್ರೆಟ್ ಅವರಲ್ಲಿಲ್ಲದ ಒಂದು ಗುಣವಿದೆ. ಕಟಕಟೆಯಲ್ಲಿ ನಿಂತ ಸಾಕ್ಷಿಯಿಂದ ನಿಜ ಹೊರಬರುವುದು ಬಹುತೇಕ ಹೀಗೆಯೇ.

ಹೊಸ ಕಾಲದ ಬಿಬಿಸಿಯ ಷರ್ಲಾಕ್, 2010ರಲ್ಲಿ ಶುರುವಾದದ್ದು, ಮೊಮ್ಮಗಳ ಪಕ್ಷ. ಹೋಮ್ಸ್ ಅಲ್ಲಿ ಮೊಬೈಲು ಹಿಡಿದ ಯುವಕ, ಅವನ ಯೋಚನೆಗಳು ಅಕ್ಷರಗಳಾಗಿ ಗಾಳಿಯಲ್ಲಿ ತೇಲುತ್ತವೆ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತಾದ್ದರಿಂದ ನಮ್ಮಲ್ಲಿನ ಹಳೆಯ ಕಡತಗಳು ಉರ್ದುವಿನಲ್ಲಿರುತ್ತಿದ್ದವು, ಅವುಗಳಿಗೆ ನಕಲೂ ಬೇಕು, ತರ್ಜುಮೆಯೂ ಬೇಕು. ಗ್ರೆನಡಾದ್ದು ನಕಲು, ಬಿಬಿಸಿಯದ್ದು ತರ್ಜುಮೆ. ತರ್ಜುಮೆಗಾರನಿಗೆ ಹೆಚ್ಚು ಸ್ವಾತಂತ್ರ್ಯವಿದೆ, ಅದನ್ನು ಇವರು ಜಾಣತನದಿಂದ ಬಳಸಿದ್ದಾರೆ. ಡಾಯ್ಲ್‌ನ ಕಾದಂಬರಿಯಲ್ಲಿ ಗೋಡೆಯ ಮೇಲೆ ರಕ್ತದಲ್ಲಿ ಬರೆದ ಪದವನ್ನು ಪೊಲೀಸಿನವನು ಹೆಂಗಸಿನ ಅರ್ಧ ಹೆಸರೆಂದುಕೊಂಡರೆ, ಅದು ಸೇಡು ಎಂಬರ್ಥದ ಜರ್ಮನ್ ಪದವೆಂದು ಹೋಮ್ಸ್ ತಿದ್ದುತ್ತಾನೆ. ಹೊಸ ಸರಣಿಯ ಮೊದಲ ಕಂತಿನಲ್ಲಿ ಇದು ತಿರುವುಮುರುವಾಗಿದೆ, ಜರ್ಮನ್ ಪದವೆಂದವನೇ ದಡ್ಡನಾಗುತ್ತಾನೆ. ಮೂಲ ಓದಿದವರಿಗೆ ಇದು ಕಚಗುಳಿ. ಆದರೆ ಸುಳಿವುಗಳನ್ನು ಅಕ್ಷರಗಳಲ್ಲಿ ಬರೆದು ತೋರಿಸುವುದೆಂದರೆ ಬೆರಳು ತೋರಿಸಿದಂತೆಯೇ ಆಯಿತಲ್ಲ ಎಂಬ ನನ್ನ ಆಕ್ಷೇಪಣೆ ಹಾಗೆಯೇ ಉಳಿದಿದೆ. ಅಗಾಥಾ ಕ್ರಿಸ್ಟಿ ಸೃಷ್ಟಿಸಿದ ಪತ್ತೇದಾರನಾಗಿ ಡೇವಿಡ್ ಸುಷೇ ನಟಿಸಿದ ಪ್ವಾರೊ ಸರಣಿ, 1989ರಿಂದ 2013ರವರೆಗೆ 70 ಕಂತುಗಳು, ಬೇರೆಯೇ ಬರಹಕ್ಕೆ ತಕ್ಕದ್ದು. ಇಲ್ಲಿ ಇಷ್ಟು ಸಾಕು: ಆ ನಟರು ಒಂದು ಪಾತ್ರಕ್ಕೆ ಇಪ್ಪತ್ತನಾಲ್ಕು ವರ್ಷ ಕೊಟ್ಟು, ಎಲ್ಲ ಕಾದಂಬರಿಗಳನ್ನೂ ಮುಗಿಸಿದರು.

ಇನ್ನು ಕೊಳ್ಳುವವರಿಗೆ ಕೆಲವು ಮಾತು. ಚಿತ್ರ ಹಳೆಯ ಟಿವಿಯ ಚೌಕ ಆಕಾರದಲ್ಲಿದೆ, ಈಗಿನ ಅಗಲದ ಪರದೆಯಲ್ಲಿ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಅದನ್ನು ಎಳೆದು ಅಗಲ ಮಾಡಿದರೆ ತೆಳ್ಳನೆಯ ಹೋಮ್ಸ್ ಗಿಡ್ಡ ಸಾಹುಕಾರನಂತಾಗುತ್ತಾನೆ. ಬ್ರೆಟ್ ಅರ್ಧ ಮಾತುಗಳನ್ನು ಪಿಸುಗುಟ್ಟುತ್ತಾರೆ, ಉಳಿದರ್ಧವನ್ನು ಒಂದೇ ಉಸಿರಿಗೆ ಸುರಿಯುತ್ತಾರೆ. ನಮ್ಮ ಮನೆಯ ಏರ್ ಕೂಲರ್ ಸದ್ದಿನಲ್ಲಿ ಮೊದಲ ವಾರ ನನಗೆ ಏನೂ ಕೇಳಿಸಲಿಲ್ಲ. ಕೂಲರ್ ನಿಲ್ಲಿಸಿದರೆ ಮನುಷ್ಯರು ಉಳಿಯುವುದಿಲ್ಲ, ಆದ್ದರಿಂದ ಇಂಗ್ಲಿಷ್ ಉಪಶೀರ್ಷಿಕೆಗಳೇ ಗತಿ. ಅವುಗಳ ಅಕ್ಷರ ಚಿಕ್ಕದು, ಕನ್ನಡದ ಉಪಶೀರ್ಷಿಕೆ ಇಲ್ಲ. ನನಗೆ ಬಂದ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಗೀರು ಬಿದ್ದಿತ್ತು, ಜಲಪಾತದ ದೃಶ್ಯ ಬಂದಾಗ ಹೋಮ್ಸ್ ಮತ್ತು ಮೊರಿಯಾರ್ಟಿ ಅಪ್ಪಿಕೊಂಡ ಭಂಗಿಯಲ್ಲಿಯೇ ಕಲ್ಲಾಗಿ ನಿಂತುಬಿಟ್ಟರು. ಮಾರಿದವರಿಗೆ ಮೂರು ಬಾರಿ ಬರೆದ ಮೇಲೆ ಬದಲಿ ಬಂತು, ಅಷ್ಟರಲ್ಲಿ ಹದಿನಾರು ದಿನ ಕಳೆದಿತ್ತು. ಡಾಯ್ಲ್‌ನ ಕಾಲದ ಓದುಗರು ಹೋಮ್ಸ್ ಬದುಕಿದ್ದಾನೆಂದು ತಿಳಿಯಲು ವರ್ಷಗಟ್ಟಲೆ ಕಾದಿದ್ದರಾದ್ದರಿಂದ ನಾನು ಹೆಚ್ಚು ಗೊಣಗಲಿಲ್ಲ.

ನಡುನಡುವೆ ಬಂದು ಕೂರುತ್ತಿದ್ದ ಪಕ್ಕದ ಮನೆಯ ವಕೀಲರು ನೀಲಿ ಹರಳಿನ ಕಂತನ್ನು ನೋಡಿ, ಹೋಮ್ಸ್ ತಪ್ಪೊಪ್ಪಿಕೊಂಡ ಕಳ್ಳನನ್ನು ಬಾಗಿಲು ತೆರೆದು ಓಡಿಸಿದ್ದಕ್ಕೆ ಸಿಟ್ಟಾದರು. “ಇದರಾಗ ಒಂದಾದ್ರೂ ಕೇಸ್ ಕೋರ್ಟಿನಾಗ ನಿಲ್ಲತದೇನ್ರೀ?” ಎಂಬುದು ಅವರ ಪ್ರಶ್ನೆ. ನಿಲ್ಲುವುದಿಲ್ಲ. ಆದರೂ ಮರುದಿನ ಮೊದಲ ಹದಿಮೂರು ಕಂತುಗಳ ಡಿಸ್ಕ್‌ಗಳನ್ನು ಅವರೇ ಕೇಳಿ ಒಯ್ದರು. ಹೊಸದಾಗಿ ನೋಡುವವರಿಗೂ ನಾನು ಹೇಳುವುದು ಅದೇ ಹದಿಮೂರನ್ನು, ಅದರಲ್ಲಿಯೂ ಕೆಂಪುಗೂದಲಿನ ಕಂತಿನಿಂದ ಶುರುಮಾಡಿ, ಕಥೆಯನ್ನು ಮೊದಲು ಓದಿಕೊಂಡು. ಆ ಒಂದು ಡಿಸ್ಕನ್ನು ಮಾತ್ರ ನಾನು ವಕೀಲರಿಗೂ ಕೊಟ್ಟಿಲ್ಲ, ಅದು ನನ್ನ ಹಳೆಯ ಅಂಗಿಗಳ ಜೊತೆ ಟ್ರಂಕಿನಲ್ಲಿದೆ.